ನಾವು ಪತ್ರಿಕಾವಿದ್ಯೆಯನ್ನು ಕಲಿತ ಬಗೆ

ಪತ್ರಿಕಾವ್ಯವಸಾಯವನ್ನು ವಿಶ್ವವಿದ್ಯಾನಿಲಯದಲ್ಲಿ ಕುಳಿತು ಓದಿ ಕಲಿಯಬಹುದೇ ಎಂಬ ಪ್ರಶ್ನೆಯನ್ನು ನಾವು ನಮ್ಮ ಹದಿನೆಂಟನೆಯ ವಯಸ್ಸಿನಿಂದಲೂ ಕೇಳುತ್ತ ಬಂದಿದ್ದೇವೆ. ಈಜುವುದನ್ನು ನೀರಿಗೆ ಇಳಿದೇ ಕಲಿಯಬೇಕು, ಕರಿಯ ಹಲಗೆಯ ಮೇಲೆ ಕೆರೆಯ ಚಿತ್ರವನ್ನು ಬರೆದು ತೋರಿಸಿದರೆ ಬಂದೀತೇ, ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಪಕ್ಷಕ್ಕೆ ಬಲವಾದ ದೃಷ್ಟಾಂತವೂ ಉಂಟು. 1913ರಲ್ಲಿ 'ಕರ್ಣಾಟಕ'ವೆಂಬ ಪತ್ರಿಕೆಯನ್ನು ಹೊರಡಿಸಿದ ಡಿ. ವಿ. ಗುಂಡಪ್ಪನವರು ಯಾವ ಪದವಿಯನ್ನೂ ಪರೀಕ್ಷೆಗೆ ಕುಳಿತು ಪಡೆದವರಲ್ಲ. ಆದರೂ ಪತ್ರಿಕೆಯ ಧರ್ಮವೇನೆಂಬುದನ್ನು ಕುರಿತು ಕನ್ನಡದಲ್ಲಿ 'ವೃತ್ತಪತ್ರಿಕೆ'ಯೆಂಬ ಗ್ರಂಥವನ್ನು ಬರೆದವರು ಅವರೇ. ಹೀಗಿರಲಾಗಿ, ಮೂರು ವರ್ಷ ಪಾಠ ಹೇಳಿಸಿಕೊಂಡು, ಕೊನೆಗೆ ಯಾವ ಪತ್ರಿಕೆಯ ಬಾಗಿಲನ್ನೂ ತಟ್ಟದೆ, ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಡುತ್ತ ಕಾಲ ಕಳೆದ ನಮ್ಮಂಥವರು ಆ ವಿದ್ಯೆಯ ಪರವಾಗಿ ಮಾತನಾಡುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೂ ಆ ಮೂರು ವರ್ಷಗಳು ವ್ಯರ್ಥವಾದುವೆಂದು ನಾವು ಒಂದು ದಿನವಾದರೂ ಎಣಿಸಿದವರಲ್ಲ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಈ ವಿಷಯದ ಬೋಧನೆಯು 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಆರಂಭವಾಯಿತು. ನಾವು ಅಲ್ಲಿ ವಿದ್ಯಾರ್ಥಿಗಳಾದುದು 1983ರಲ್ಲಿ. ಪಾಠಶಾಲೆಯಲ್ಲಿ ಪ್ರಥಮಾ, ಕಾವ್ಯ ಪರೀಕ್ಷೆಗಳನ್ನು ಮುಗಿಸಿ, ಬಿ. ಎ. ತರಗತಿಗೆ ಸಂಸ್ಕೃತವನ್ನು ಆರಿಸಿಕೊಂಡು, ಅದರ ಜೊತೆಗೆ ಪತ್ರಿಕೋದ್ಯಮವನ್ನೂ ತೆಗೆದುಕೊಂಡೆವು. ಇದನ್ನು ಕೇಳಿ ನಮ್ಮ ತೀರ್ಥರೂಪರವರು, "ಸುದ್ದಿ ಹೇಳುವುದನ್ನು ಕಲಿಯುವುದಕ್ಕೆ ಮೈಸೂರಿಗೆ ಹೋಗಬೇಕೇ? ನಮ್ಮ ಬೀದಿಯ ಬಾವಿಕಟ್ಟೆಯಲ್ಲಿ ಫೀಜು ಇಲ್ಲದೆ ಹೇಳಿಕೊಡುತ್ತಾರಲ್ಲ!" ಎಂದರು. ಅವರು ಹಾಸ್ಯಕ್ಕೆಂದು ಆಡಿದ ಆ ಮಾತು ನಮಗೆ ಮುಂದೆ ಅನೇಕ ಸಾರಿ ನೆನಪಿಗೆ ಬಂದಿತು.

ನಮಗೆ ಪಾಠ ಹೇಳಿದ ಉಪಾಧ್ಯಾಯರು ಕೆಲವು ಕಾಲ ಪತ್ರಿಕೆಯೊಂದರಲ್ಲಿ ದುಡಿದು ಬಂದವರು. ತೆಳ್ಳಗಿನ ಆಳು, ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲು. ಮೊದಲನೆಯ ದಿನವೇ ನಮ್ಮ ಜುಟ್ಟನ್ನೂ ಪಂಚೆಯನ್ನೂ ನೋಡಿ, "ಏನ್ರೀ ಶಾಸ್ತ್ರಿಗಳೇ, ನಿಮ್ಮ ಸಂಸ್ಕೃತದಲ್ಲಿ ವಾರ್ತೆಯೆಂದರೆ ಏನು?" ಎಂದು ಕೇಳಿದರು. ಕೌಟಿಲ್ಯನು ವಿದ್ಯೆಗಳನ್ನು ನಾಲ್ಕಾಗಿ ವಿಂಗಡಿಸುವಾಗ ವಾರ್ತೆಯೆಂಬುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಆದರೆ ಅವನ ವಾರ್ತೆ ಸುದ್ದಿಯಲ್ಲ, ಬೇಸಾಯ, ದನಕರುಗಳ ಪಾಲನೆ ಮತ್ತು ವ್ಯಾಪಾರ. ಹೀಗೆಂದು ನಾವು ಅಂಜುತ್ತಂಜುತ್ತ ಹೇಳಿದೆವು. ಅರ್ಥಶಾಸ್ತ್ರದ ಹೆಸರು ಆ ಆವರಣದವರಿಗೆ ಹೊಸದಲ್ಲ. ಕಾಲೇಜಿಗೆ ಸಮೀಪದಲ್ಲಿಯೇ ಇರುವ ಓರಿಯೆಂಟಲ್ ಲೈಬ್ರರಿಯಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಉಪಾಧ್ಯಾಯರು ನಗಲಿಲ್ಲ. "ಸರಿಯಾಗಿಯೇ ಹೇಳಿದ್ದಾನೆ. ಭತ್ತದ ಧಾರಣೆ, ಹಸುವಿನ ರೋಗ, ಸಂತೆಯ ದಿನ—ನಮ್ಮ ರೈತನು ಪತ್ರಿಕೆಯಲ್ಲಿ ಮೊದಲು ನೋಡುವುದು ಇದನ್ನೇ. ಮಂತ್ರಿಗಳ ಭಾಷಣವನ್ನು ಆಮೇಲೆ ನೋಡುತ್ತಾನೆ, ಅದೂ ಬಿಡುವಿದ್ದರೆ," ಎಂದರು. ಅಂದಿನಿಂದ ನಾವು ತರಗತಿಯಲ್ಲಿ ಶಾಸ್ತ್ರಿಗಳಾದೆವು.

ಆ ಕಾಲಕ್ಕೆ ಗಣಕಯಂತ್ರವು ಚಿಕ್ಕ ಮುದ್ರಣಾಲಯಗಳಿಗೆ ಬಂದಿರಲಿಲ್ಲ. ಅಕ್ಷರವೆಂದರೆ ಸೀಸದ ಮೊಳೆ. ನಮ್ಮನ್ನು ಒಂದು ಅಚ್ಚುಕೂಟಕ್ಕೆ ಕಳುಹಿಸಿ ಮೊಳೆ ಜೋಡಿಸುವುದನ್ನು ನೋಡಿಸಿದರು. ನೋಡಿಸಿದರೆನ್ನುವುದಕ್ಕಿಂತ ಮಾಡಿಸಿದರೆನ್ನಬೇಕು. ಕೇಸಿನ ಯಾವ ಮನೆಯಲ್ಲಿ ಯಾವ ಅಕ್ಷರವಿದೆಯೆಂಬುದು ಕಂಪೋಜಿಟರನ ಬೆರಳಿಗೆ ತಿಳಿದಿರುತ್ತಿದ್ದಿತು. ಕಣ್ಣು ಹಸ್ತಪ್ರತಿಯನ್ನು ಬಿಟ್ಟು ಅಲುಗುತ್ತಿರಲಿಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳಾದರೆ ಕನ್ನಡಕ್ಕೆ ಕಾಗುಣಿತ, ಒತ್ತು, ಅರ್ಕಾವತ್ತು ಎಂದು ಮನೆಗಳು ಬೆಳೆಯುತ್ತ ಹೋಗುತ್ತವೆ. ಸಾಲು ತುಂಬಿದ ಮೇಲೆ ಒಂದು ಪದವನ್ನು ಹೆಚ್ಚಿಗೆ ಸೇರಿಸಬೇಕಾದರೆ ಪುಟವನ್ನೇ ಕದಲಿಸಬೇಕು. ಅಲ್ಲಿಯ ವೃದ್ಧ ಕಂಪೋಜಿಟರು ನಾವು ಬರೆದುಕೊಂಡು ಹೋಗಿದ್ದ ಒಂದು ಲೇಖನವನ್ನು ನೋಡಿ, "ಸ್ವಾಮಿ, ಇದರಲ್ಲಿ 'ಅತ್ಯಂತ' ಎನ್ನುವುದು ಏಳು ಕಡೆ ಇದೆ. ನನ್ನ ಹತ್ತಿರ ಅಷ್ಟು ನಕಾರದ ಸೊನ್ನೆ ಇಲ್ಲ," ಎಂದರು. ಸೊನ್ನೆಯ ಮೊಳೆಗಳಿಗೆ ನಿಜವಾಗಿ ಬಡತನವಿದ್ದಿತೋ, ಅದು ಅವರ ವಿನೋದವೋ! ಅಂತು ಆ ಏಳರಲ್ಲಿ ಆರನ್ನು ಹೊಡೆದುಹಾಕಿದೆವು. ಲೇಖನಕ್ಕೆ ಯಾವ ನಷ್ಟವೂ ಆಗಲಿಲ್ಲ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಅಚ್ಚುಮೊಳೆಯಂಥ ವಿಮರ್ಶಕನು ಮತ್ತೊಬ್ಬನಿಲ್ಲ.

ಸಂಜೆಯ ಹೊತ್ತು ನಾವು ಕೆಲವು ಸಾರಿ ರಾಮಚಂದ್ರ ಅಗ್ರಹಾರದ ಕಡೆಗೆ ಹೋಗುತ್ತಿದ್ದೆವು. 'ಸುಧರ್ಮಾ' ಎಂಬ ಸಂಸ್ಕೃತ ದಿನಪತ್ರಿಕೆಯು ಅಲ್ಲಿಂದ ಹೊರಡುತ್ತಿದ್ದಿತು. ಪಂಡಿತ ವರದರಾಜ ಅಯ್ಯಂಗಾರ್ಯರು ಅದನ್ನು 1970ರಲ್ಲಿ ಸ್ಥಾಪಿಸಿದರು. ಸಂಸ್ಕೃತದಲ್ಲಿ ದಿನಪತ್ರಿಕೆಯನ್ನು ಯಾರು ಓದುತ್ತಾರೆಂದು ನಕ್ಕವರು ಅನೇಕರು. ಮಡಿಸಿದ ಒಂದೇ ಹಾಳೆ. ಬೀದಿಯಲ್ಲಿ ಮಾರುವಂಥದಲ್ಲ, ಅಂಚೆಯಲ್ಲಿ ಚಂದಾದಾರರಿಗೆ ಹೋಗತಕ್ಕದ್ದು. ಪಾಠಶಾಲೆಯಲ್ಲಿ ಒಂದೂವರೆ ಪುಟದ ಸಮಾಸಗಳನ್ನು ಬಿಡಿಸಿ ಬಂದಿದ್ದ ನಮಗೆ, ಅದೇ ಭಾಷೆಯು ಚುನಾವಣೆಯನ್ನೂ ಮಳೆಯನ್ನೂ ರೈಲು ಅಪಘಾತವನ್ನೂ ನಾಲ್ಕು ನಾಲ್ಕು ಪದಗಳ ವಾಕ್ಯಗಳಲ್ಲಿ ಹೇಳುವುದನ್ನು ಕಂಡು ಬೆರಗಾಯಿತು. ಸಂಸ್ಥಾಪಕರ ತರುವಾಯ ಅವರ ಪುತ್ರರಾದ ಸಂಪತ್ ಕುಮಾರರು ತಮ್ಮ ಪತ್ನಿ ಜಯಲಕ್ಷ್ಮಿಯವರೊಡನೆ ಆ ಕೆಲಸವನ್ನು ನಡೆಸಿದರು. ದಂಪತಿಗಳಿಬ್ಬರಿಗೂ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಮರುವರ್ಷವೇ ಸಂಪತ್ ಕುಮಾರರು ತೀರಿಕೊಂಡರು.

ತರಗತಿಯ ಪಾಠಗಳಲ್ಲಿ ನಮಗೆ ಅತ್ಯಂತ—ನೋಡಿ, ಒಂದನ್ನು ಉಳಿಸಿಕೊಂಡಿದ್ದೆವಲ್ಲ—ಕಷ್ಟವಾದುದು ಸುದ್ದಿಯ ಮೊದಲ ವಾಕ್ಯ. ಮಂಗಳಾಚರಣೆ, ದೇಶವರ್ಣನೆ, ನಾಯಕನ ವಂಶ, ಆಮೇಲೆ ಕಥೆ. ಇದು ನಮಗೆ ಗೊತ್ತಿದ್ದ ಕ್ರಮ. ಸುದ್ದಿಯಲ್ಲಿ ಇದಕ್ಕೆ ವಿಪರ್ಯಾಸ: ಕೊನೆಯದು ಮೊದಲು, ಮುಖ್ಯವಾದುದು ತಲೆಯ ಮೇಲೆ, ಕಡಮೆಯದು ಕೆಳಗೆ. ಜಾಗ ಸಾಲದಿದ್ದರೆ ಬುಡದಿಂದ ಕತ್ತರಿಸಬಹುದು. ಇದಕ್ಕೆ ತಲೆಕೆಳಗಾದ ಪಿರಮಿಡ್ಡೆಂದು ಹೆಸರು. ಇದೇನೋ ಅಮೆರಿಕದವರ ಅವಸರವೆಂದು ನಾವು ತಿಳಿದಿದ್ದೆವು. ಒಂದು ರಾತ್ರಿ ಭೀಷ್ಮಪರ್ವವನ್ನು ಓದುತ್ತಿರುವಾಗ ಥಟ್ಟನೆ ಹೊಳೆಯಿತು. ಸಂಜಯನು ರಣರಂಗದಿಂದ ಓಡಿಬಂದು ಧೃತರಾಷ್ಟ್ರನಿಗೆ ಮೊದಲು ಹೇಳುವುದು ಭೀಷ್ಮರು ಬಿದ್ದರೆಂಬ ಮಾತನ್ನು. ಹತ್ತು ದಿನಗಳ ಯುದ್ಧದ ವಿವರವೆಲ್ಲ ಅನಂತರ. ದ್ರೋಣರ ವಿಷಯದಲ್ಲಿಯೂ ಕರ್ಣನ ವಿಷಯದಲ್ಲಿಯೂ ಇದೇ ಕ್ರಮ. ಮರುದಿನ ಇದನ್ನು ತರಗತಿಯಲ್ಲಿ ಅರಿಕೆ ಮಾಡಿದೆವು. ಉಪಾಧ್ಯಾಯರು ಬಹಳ ಸಂತೋಷಪಟ್ಟರು, ಸಂತೋಷಪಟ್ಟು, "ಸಂಜಯನಿಗೆ ಕುಳಿತಲ್ಲಿಯೇ ಕಾಣುವಂತೆ ವ್ಯಾಸರ ವರವಿತ್ತು. ನಿಮಗೆ ಇರುವುದು ಬಸ್ಸಿನ ಪಾಸು. ಹೋಗಿ ನೋಡಿ ಬಂದು ಬರೆಯಿರಿ," ಎಂದರು.

ಪತ್ರಿಕೆಗಳ ಚರಿತ್ರೆಯನ್ನೂ ಓದಿದೆವು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದಿಂದ ಮೊದಲು ಮಾಡಿ ತೇದಿಗಳು, ಹೆಸರುಗಳು. ಪರೀಕ್ಷೆಯ ಮರುದಿನ ಅವುಗಳಲ್ಲಿ ಬಹುಭಾಗ ಮರೆತುಹೋಯಿತು. ಮರೆಯದೆ ಉಳಿದವು ಎರಡು. ಮೈಸೂರಿನ ಜನರು ತಾತಯ್ಯನವರೆಂದು ಕರೆಯುವ ಎಂ. ವೆಂಕಟಕೃಷ್ಣಯ್ಯನವರು, 1908ರಲ್ಲಿ ಸಂಸ್ಥಾನದ ಪತ್ರಿಕಾ ಕಾಯಿದೆ ಬಂದಾಗ, ಅದಕ್ಕೆ ತಲೆಬಾಗಿ ಬರೆಯುವುದಕ್ಕಿಂತ ಬರೆಯದಿರುವುದು ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ತುರ್ತುಪರಿಸ್ಥಿತಿಯ ಆರಂಭದಲ್ಲಿ, 1975ರ ಜೂನ್ 28ರಂದು, 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯು ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಅಚ್ಚು ಹಾಕಿತು. ಮೌನವೂ ಒಂದು ಉಕ್ತಿಯೆಂದು ಆಲಂಕಾರಿಕರ ಮಾತಿನಲ್ಲಿ ಓದಿದ್ದುದು ಇಲ್ಲಿ ನಮಗೆ ಉದಾಹರಣೆಸಹಿತವಾಗಿ ತಿಳಿಯಿತು.

ಎರಡನೆಯ ವರ್ಷ, 1984ರ ಅಕ್ಟೋಬರ್ 31. ಬುಧವಾರ. ಇಂದಿರಾ ಗಾಂಧಿಯವರಿಗೆ ದೆಹಲಿಯಲ್ಲಿ ಅವರ ಕಾವಲುಗಾರರೇ ಗುಂಡು ಹಾರಿಸಿದರೆಂಬ ಸುದ್ದಿಯು ಬೆಳಗಿನ ಹೊತ್ತಿನಲ್ಲಿಯೇ ಮೈಸೂರಿಗೆ ಹಬ್ಬಿತು. ಪ್ರಾಣ ಹೋಗಿದೆಯೆಂಬುದನ್ನು ಬಿ.ಬಿ.ಸಿ.ಯವರು ಮಧ್ಯಾಹ್ನವೇ ಹೇಳಿದರು. ಆಕಾಶವಾಣಿಯು ಸಂಜೆಯವರೆಗೆ ಹೇಳಲಿಲ್ಲ. ನಡುವಣ ಆ ಗಂಟೆಗಳಲ್ಲಿ ಅಂಗಡಿಗಳ ಬಾಗಿಲು ಅರ್ಧ ಮುಚ್ಚಿ, ಜನರು ಗುಂಪುಗೂಡಿ, ಯಾರ ಬಾಯಲ್ಲಿ ನೋಡಿದರೂ ಒಂದೊಂದು ಸುದ್ದಿ. ಉಪಾಧ್ಯಾಯರು ನಮ್ಮನ್ನು ಮರದ ಕೆಳಗೆ ನಿಲ್ಲಿಸಿಕೊಂಡು, "ಈಗ ಕಿವಿಗೆ ಬಿದ್ದುದನ್ನೆಲ್ಲ ಬರೆದುಕೊಳ್ಳಿ. ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು, ಅವರಿಗೆ ಯಾರು ಹೇಳಿದರು, ಅದೂ ಇರಲಿ. ನೀವು ಮಾತ್ರ ಯಾರಿಗೂ ಏನನ್ನೂ ಹೇಳಬೇಡಿ," ಎಂದು ಅಪ್ಪಣೆ ಮಾಡಿದರು.

ರಜೆಗಳು ಕಳೆದು ತರಗತಿ ಮತ್ತೆ ಸೇರಿದಾಗ ಆ ಚೀಟಿಗಳನ್ನು ಒಟ್ಟುಗೂಡಿಸಿದೆವು. ಹಲಗೆಯ ಮೇಲೆ ಮೂರು ಅಂಕಣಗಳು: ಕಂಡದ್ದು, ಕೇಳಿದ್ದು, ಊಹಿಸಿದ್ದು. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ್ದ ನಮಗೆ ಇವು ಪರಿಚಿತರ ಮುಖಗಳಂತೆ ಕಂಡವು—ಪ್ರತ್ಯಕ್ಷ, ಶಬ್ದ, ಅನುಮಾನ. ಕಂಡದ್ದೆಂಬ ಅಂಕಣವು ಸಂಪೂರ್ಣವಾಗಿ ಖಾಲಿ. ಊಹಿಸಿದ್ದೆಂಬುದೂ ಬಹುಮಟ್ಟಿಗೆ ಖಾಲಿಯೇ. ಏಕೆಂದರೆ ತಾನು ಊಹಿಸಿದೆನೆಂದು ಒಪ್ಪಿದವರು ಒಬ್ಬರೂ ಇರಲಿಲ್ಲ. ನಡುವಣ ಅಂಕಣ ಮಾತ್ರ ತುಂಬಿ ಹಲಗೆಯ ಕೆಳಗೆ ಇಳಿದಿದ್ದಿತು. ಕೊಂದವರ ಸಂಖ್ಯೆ, ಗುಂಡಿನ ಸಂಖ್ಯೆ, ಮುಂದಿನ ಪ್ರಧಾನಿಯ ಹೆಸರು, ಯುದ್ಧ ಆರಂಭವಾಯಿತೆಂಬ ಸುದ್ದಿ—ಒಂದಕ್ಕೊಂದು ತಾಳೆಯಿಲ್ಲ. ಹೇಳಿದವರ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ಮೂರನೆಯ ಮನುಷ್ಯನ ಹತ್ತಿರಕ್ಕೆ ಬರುವಷ್ಟರಲ್ಲಿ 'ಎಲ್ಲರೂ ಹೇಳುತ್ತಿದ್ದರು' ಎಂಬಲ್ಲಿಗೆ ಮುಗಿಯುತ್ತಿದ್ದಿತು. ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನೆಂದೂ, ಆಪ್ತನ ಮಾತೇ ಪ್ರಮಾಣವೆಂದೂ ನೈಯಾಯಿಕರ ಮತ. 'ಎಲ್ಲರೂ' ಎಂಬ ಹೆಸರಿನ ಆಪ್ತನು ಅವರ ಶಾಸ್ತ್ರದಲ್ಲಿ ಇಲ್ಲ. ಮೈಸೂರಿನಲ್ಲಿ ಇದು ಪಾಠವಾಯಿತು. ದೆಹಲಿಯಲ್ಲಿ ಅವೇ ದಿನಗಳಲ್ಲಿ ಕುಡಿಯುವ ನೀರಿಗೆ ಸಿಖ್ಖರು ವಿಷ ಹಾಕಿದ್ದಾರೆಂಬ ಸುಳ್ಳು ಬೀದಿಯಿಂದ ಬೀದಿಗೆ ಹರಡಿದ್ದಿತು; ಎರಡು ಸಾವಿರಕ್ಕೂ ಮಿಕ್ಕಿ ಸಿಖ್ಖರು ಆ ನಗರವೊಂದರಲ್ಲಿಯೇ ಹತರಾದರು.

ಇನ್ನು ಹೇಳಬೇಕಾದುದು ಮರುವರ್ಷ ನಡೆದ ಒಂದು ಸಂಗತಿ. ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ನಾಲ್ಕು ಪುಟಗಳ ಒಂದು ಪತ್ರಿಕೆಯನ್ನು ಹೊರಡಿಸುತ್ತಿದ್ದರು. ನಮ್ಮ ಸಹಪಾಠಿಯೊಬ್ಬರು ನಂಜನಗೂಡಿನ ಕಡೆಯವರು. ಚುರುಕು ಬುದ್ಧಿ, ಚುರುಕು ಕೈ. ಅವರು ತಮ್ಮ ಊರಿಗೆ ಸಮೀಪದ ಹಳ್ಳಿಯೊಂದರಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಬಾವಿಗೆ ಬಿದ್ದು ಸತ್ತ ಸುದ್ದಿಯನ್ನು ಬರೆದು ತಂದರು. ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ನಪಾಸಾದುದರಿಂದ ಮನನೊಂದು ಆತ್ಮಹತ್ಯೆ ಮಾಡಿಕೊಂಡಳೆಂದು ತಲೆಬರಹದಲ್ಲಿಯೇ ಇದ್ದಿತು. ಮೊದಲ ವಾಕ್ಯವು ನಿರ್ದುಷ್ಟವಾಗಿದ್ದಿತು, ನಮಗೆ ಅಸೂಯೆಯಾಗುವಷ್ಟು.

ಉಪಾಧ್ಯಾಯರು ಓದಿದರು. ಕೆಂಪು ಪೆನ್ಸಿಲನ್ನು ತೆಗೆಯಲಿಲ್ಲ. "ನಪಾಸಾದಳೆಂದು ಯಾರು ಹೇಳಿದರು?"

"ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ಸಾರ್."

"ತಾನಾಗಿ ಬಿದ್ದಳೆಂದು?"

"ಅದೂ ಅಷ್ಟೇ, ಸಾರ್."

"ಸತ್ತವಳು ಪತ್ರ ಬರೆದು ಕೇಳುವುದಿಲ್ಲ ಅಂತಲೇನಪ್ಪಾ?" ಎಂದು ಮೆಲ್ಲಗೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಹೋಗಿ ಬಾ. ಶಾಸ್ತ್ರಿಗಳನ್ನೂ ಕರೆದುಕೊಂಡು ಹೋಗು. ಸಾವಾದ ಮನೆಯಲ್ಲಿ ಹೇಗೆ ಕುಳಿತುಕೊಳ್ಳಬೇಕೆಂದು ಅವರಿಗೆ ಗೊತ್ತು," ಎಂದರು.

ಬಸ್ಸಿನಿಂದಿಳಿದು ಎರಡು ಮೈಲಿ ಕೆಸರಿನಲ್ಲಿ ನಡೆದು ಹೋದೆವು. ಮೊದಲು ಬಾವಿಯನ್ನು ನೋಡಿದೆವು. ಆ ಮಳೆಗಾಲದಲ್ಲಿ ಕಟ್ಟೆಯ ಒಂದು ಪಾರ್ಶ್ವವು ಕುಸಿದುಬಿದ್ದಿದ್ದಿತು. ರಾಟೆಯಿದ್ದುದು ಆ ಪಾರ್ಶ್ವದಲ್ಲಿಯೇ. ಆದುದರಿಂದ ಹೆಂಗಸರು ಅಲ್ಲಿಯೇ, ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಂತು ಸೇದುತ್ತಿದ್ದರು. ಅವಳನ್ನು ಮೇಲಕ್ಕೆ ತೆಗೆದವರು ಇಬ್ಬರು. ಅವರನ್ನು ಹುಡುಕಿ ಕೇಳಿದೆವು. ಕೊಡವೂ ನೀರಿನಲ್ಲಿಯೇ ಇದ್ದಿತೆಂದೂ, ಹಗ್ಗದ ಕುಣಿಕೆ ಅದರ ಕೊರಳಿನಲ್ಲಿ ಬಿಗಿದೇ ಇದ್ದಿತೆಂದೂ, ಹಗ್ಗದ ಇನ್ನೊಂದು ತುದಿ ಅವಳ ಕೈಗೆ ಸುತ್ತಿಕೊಂಡಿದ್ದಿತೆಂದೂ ಬೇರೆಬೇರೆಯಾಗಿ ಕೇಳಿದಾಗ ಇಬ್ಬರೂ ಒಂದೇ ಪ್ರಕಾರವಾಗಿ ಹೇಳಿದರು. ಸಾಯುವುದಕ್ಕೆ ಹೋದವಳು ಕೊಡಕ್ಕೆ ಕುಣಿಕೆ ಹಾಕಿ ನೀರು ಸೇದುತ್ತಾಳೆಯೇ? ಇದನ್ನು ಅದುವರೆಗೆ ಅವರಿಬ್ಬರನ್ನು ಕೇಳಿದವರು ಯಾರೂ ಇರಲಿಲ್ಲ.

ಆಮೇಲೆ ಮನೆಗೆ ಹೋದೆವು. ತಾಯಿ ಗೋಡೆಗೆ ಒರಗಿ ಕುಳಿತಿದ್ದಳು. ನಮ್ಮ ಮಿತ್ರರಿಗೆ ಮಾತು ಹೊರಡಲಿಲ್ಲ. ನಾವೂ ಏನನ್ನೂ ಕೇಳದೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅವಳ ಚಿಕ್ಕ ಮಗಳು, ಹನ್ನೆರಡು ವರ್ಷದವಳು, ತಾನಾಗಿಯೇ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದವನ್ನು ತಂದು ನಮ್ಮ ಮುಂದೆ ಹಿಡಿದಳು. ಅಕ್ಕನ ಅಂಕಪಟ್ಟಿ. ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ನಾವು ಯಾರು, ಯಾವುದಕ್ಕೆ ಬಂದೆವೆಂಬುದು ತಾಯಿಗೆ ಆಗ ಅರ್ಥವಾಯಿತೆಂದು ತೋರುತ್ತದೆ. "ಪೇಪರಿನಲ್ಲಿ ಬರೆಯೋದಾದ್ರೆ ನನ್ ಮಗಳು ಪಾಸಾಗಿದ್ಲು ಅಂತ ಬರೀರಿ, ಸ್ವಾಮಿ," ಎಂದಳು. ಮತ್ತೇನನ್ನೂ ಅವಳು ಹೇಳಲಿಲ್ಲ.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಮಿತ್ರರು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಇದ್ದರು. ಸುದ್ದಿಯನ್ನು ಮತ್ತೆ ಬರೆದರು, ಒಂಬತ್ತು ಸಾಲು. ಕಟ್ಟೆ ಕುಸಿದ ಬಾವಿಯಲ್ಲಿ ನೀರು ಸೇದುತ್ತಿದ್ದ ಹುಡುಗಿಯ ಸಾವು, ಕಟ್ಟೆಯು ಬಿದ್ದು ಎಷ್ಟು ದಿನಗಳಾದುವೆಂಬ ಲೆಕ್ಕ, ತೆಗೆದವರಿಬ್ಬರ ಹೇಳಿಕೆ, ಕೊನೆಯ ಸಾಲಿನಲ್ಲಿ, ಮೃತಳು ಆ ವರ್ಷ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳೆಂಬ ಮಾತು. ಪುಟಕ್ಕೆ ಜಾಗ ಸಾಲದೆ ಬಂದಿತು. ತಲೆಕೆಳಗಾದ ಪಿರಮಿಡ್ಡಿನ ನಿಯಮದಂತೆ ಬುಡದ ಸಾಲನ್ನು ತೆಗೆಯಬೇಕು. ಉಪಾಧ್ಯಾಯರು ತಮ್ಮದೇ ಒಂದು ಟಿಪ್ಪಣಿಯನ್ನು ತೆಗೆದುಹಾಕಿ ಆ ಸಾಲನ್ನು ಉಳಿಸಿದರು. ಒಂದು ಪ್ರತಿಯನ್ನು ಹಳ್ಳಿಗೆ ಅಂಚೆಯಲ್ಲಿ ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ಆ ಚಿಕ್ಕ ಹುಡುಗಿಯ ಗುಂಡು ಅಕ್ಷರದ ಕಾರ್ಡು ಬಂದಿತು: ಪೇಪರು ಸೇರಿತು, ಊರವರಿಗೆಲ್ಲ ಓದಿ ಹೇಳಿದೆವು, ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದೇವೆ.

ಆ ಮಿತ್ರರು ಮುಂದೆ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿ ಮೂವತ್ತು ವರ್ಷಗಳ ಮೇಲೆ ದುಡಿದು ವಿಶ್ರಾಂತರಾದರು. ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾದುದು ಬಹು ಅಪರೂಪ. ಆದರೆ ಅವರ ಕೈಯಲ್ಲಿ ತಡೆದು ನಿಂತ ಸುದ್ದಿಗಳಿಂದ ಎಷ್ಟು ಮನೆಗಳ ಮಾನ ಉಳಿಯಿತೋ! ಅಚ್ಚಾಗದ ಸುದ್ದಿಗೆ ಲೆಕ್ಕವನ್ನು ಇಡುವವರಾರು? ನಾವು ಮಾತ್ರ ಆ ಮೂರು ಅಂಕಣಗಳನ್ನು ಪಾಠಶಾಲೆಗೆ ತೆಗೆದುಕೊಂಡು ಹೋದೆವು. ಮಕ್ಕಳು ಒಬ್ಬರ ಮೇಲೊಬ್ಬರು ದೂರು ತಂದಾಗ, "ಕಂಡೆಯೋ, ಕೇಳಿದೆಯೋ, ಊಹಿಸಿದೆಯೋ?" ಎಂದು ಕೇಳುವುದು ನಮಗೆ ಅಭ್ಯಾಸವಾಯಿತು. ಮನೆಯಲ್ಲಿಯೂ ಇದನ್ನೇ ಕೇಳಿ ಮನೆಯವರಿಂದ ಬೈಸಿಕೊಂಡದ್ದುಂಟು.

ಇತ್ತೀಚಿನ ವರ್ಷಗಳಲ್ಲಿ ಬಾವಿಕಟ್ಟೆಯು ಎಲ್ಲರ ಜೇಬಿಗೂ ಬಂದಿದೆ. 2018ರ ಜುಲೈ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಫೋನಿನಿಂದ ಫೋನಿಗೆ ಹರಡಿ, ಬೀದರ ಜಿಲ್ಲೆಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಕಡೆಯವರು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದುದೇ ಅದಕ್ಕೆ ನಿಮಿತ್ತ. ಕಂಡದ್ದು ಚಾಕಲೇಟು, ಉಳಿದುದೆಲ್ಲ ಕೇಳಿದ್ದು ಮತ್ತು ಊಹಿಸಿದ್ದು.

ನಮ್ಮ ಸಹಪಾಠಿಗಳೂ ವಾಟ್ಸಾಪಿನಲ್ಲಿ ಒಂದು ಗುಂಪನ್ನು ಕಟ್ಟಿಕೊಂಡಿದ್ದೇವೆ. ಇಪ್ಪತ್ತಮೂರು ಜನರಲ್ಲಿ ಪತ್ರಿಕೆಗೆ ಹೋದವರು ಐವರು. ಉಳಿದವರಲ್ಲಿ ಬ್ಯಾಂಕಿನವರು, ವಕೀಲರು, ತೋಟದವರು, ಮನೆಯನ್ನು ನಡೆಸಿದ ಇಬ್ಬರು ಸೋದರಿಯರು ಇದ್ದಾರೆ. ವರ್ಷಕ್ಕೊಮ್ಮೆ ಸೇರಿ ಊಟ ಮಾಡುತ್ತೇವೆ. ಅಪರೂಪವಾಗಿ ಪದಗಳ ಕಾಗುಣಿತಕ್ಕಾಗಿ ಜಗಳವಾಡುತ್ತೇವೆ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಅದೇ ಗುಂಪಿನಲ್ಲಿ, ನಮ್ಮ ಉಪಾಧ್ಯಾಯರು ರಾತ್ರಿ ದೈವಾಧೀನರಾದರೆಂಬ ಸುದ್ದಿ ಬಂದಿತು. ಅರ್ಧ ಗಂಟೆಯೊಳಗೆ ಹನ್ನೆರಡು ಜನರು ಕೈಮುಗಿದ ಚಿತ್ರಗಳನ್ನು ಹಾಕಿದರು. ಒಬ್ಬರು ಎರಡು ಪ್ಯಾರಾಗಳ ಶ್ರದ್ಧಾಂಜಲಿಯನ್ನೇ ಬರೆದರು. ಉಪಸಂಪಾದಕ ಮಿತ್ರರು ಮಾತ್ರ ಎರಡೇ ಪದಗಳನ್ನು ಬರೆದರು: "ಯಾರು ಹೇಳಿದರು?" ಯಾರೂ ಉತ್ತರಿಸಲಿಲ್ಲ. ಅವರು ಉಪಾಧ್ಯಾಯರ ಮನೆಗೆ ಫೋನು ಮಾಡಿದರು. ಎತ್ತಿಕೊಂಡವರು ಉಪಾಧ್ಯಾಯರೇ!

ಎಂಬತ್ತು ದಾಟಿದ ಆ ವೃದ್ಧರ ಕಂಠವು ತೆಳುವಾಗಿದೆಯೇ ಹೊರತು ಉಳಿದುದಕ್ಕೆ ಕಡಮೆಯಿಲ್ಲ. ವಿಷಯವನ್ನು ಕೇಳಿ ಅವರಿಗೆ ಕೋಪವೂ ಬರಲಿಲ್ಲ, ವ್ಯಥೆಯೂ ಆಗಲಿಲ್ಲ. ಅವರದೇ ಹೆಸರಿನ ನೆರೆಬೀದಿಯ ಇನ್ನೊಬ್ಬರು ತೀರಿಕೊಂಡಿದ್ದರಂತೆ. "ಆ ಬರೆದಿರುವುದನ್ನು ಓದು, ಕೇಳೋಣ," ಎಂದರು. ಮಿತ್ರರು ಸಂಕೋಚದಿಂದ ಓದಿದರು. ಪೂರ್ತಿಯಾಗಿ ಕೇಳಿ, ನಿವೃತ್ತಿಯ ವರ್ಷವನ್ನು ತಿದ್ದಿಸಿದರು. ತಲೆಬರಹದ ಪದವನ್ನು ಅಕ್ಷರ ಬಿಡಿಸಿ ಹೇಳೆಂದು ಕೇಳಿದರು. ಬರೆದವರು ಮೊದಲ ಅಕ್ಷರವನ್ನು 'ಶೃ' ಎಂದು ಬರೆದಿದ್ದರು. "ಶಾಸ್ತ್ರಿಗಳು ಗುಂಪಿನಲ್ಲಿ ಇದ್ದೂ ಇದನ್ನು ಬಿಟ್ಟರೇ?" ಎಂದರಂತೆ. ನಾವು ಆಗ ಸ್ನಾನಕ್ಕೆ ಹೋಗಿದ್ದೆವು. ಆಮೇಲೆ, "ಎಷ್ಟು ಹೊತ್ತಿಗೆ, ಎಲ್ಲಿ ಎಂಬುದೇ ಇಲ್ಲವಲ್ಲಪ್ಪಾ! ನೀನು ಡೆಸ್ಕಿನಲ್ಲಿ ಇದನ್ನು ಹೇಗೆ ಬಿಡುತ್ತಿದ್ದೆ? ತಿದ್ದಿ ಇಟ್ಟುಕೊಂಡಿರು, ಇನ್ನೊಂದು ದಿನ ಬೇಕಾಗುತ್ತದೆ," ಎಂದು ಫೋನನ್ನು ಇಟ್ಟರು.

ಮಿತ್ರರು ಅದನ್ನು ಒಂದು ಹಾಳೆಯ ಮೇಲೆ ಸ್ವಹಸ್ತದಿಂದ ಶುದ್ಧಪ್ರತಿ ಮಾಡಿ, ನಮಗೂ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದ್ದಾರೆ. ವೇಳೆ ಮತ್ತು ಸ್ಥಳಗಳಿಗೆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.